ಕಟಕಟ ಎನ್ನದ ಮುಚ್ಚಳ

ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ದೂರು ಎಷ್ಟು ಭಾರವಾಗಿತ್ತೆಂದರೆ, ಅದನ್ನು ಹೊತ್ತು ತಂದ ಹೆಂಗಸು ಬಾಗಿಲ ಚೌಕಟ್ಟು ಹಿಡಿದು ಎರಡು ಸಲ ಉಸಿರೆಳೆದುಕೊಳ್ಳಬೇಕಾಯಿತು. ಒಳಗೆ ಫ್ಯಾನು ತಿರುಗುತ್ತಿತ್ತು. ಪ್ರಪಂಚ ಹುಟ್ಟಿದಾಗಿನಿಂದ ತಿರುಗುತ್ತಿರುವ ಆ ಫ್ಯಾನು ಇಂದಿನವರೆಗೆ ಒಂದು ನೊಣಕ್ಕೂ ಗಾಳಿ ಬೀಸಿದ ದಾಖಲೆಯಿಲ್ಲ. ಅದರ ಕೆಳಗೆ ಹೆಡ್ ಕಾನ್‌ಸ್ಟೇಬಲ್ ಕೂತಿದ್ದರು. ಅವರಿಗೆ ಗಡಿಯಾರ ಎಂದು ಅಡ್ಡಹೆಸರು. ಠಾಣೆಯಲ್ಲಿ ಯಾರು ಸೀನಿದರೂ ಇಷ್ಟು ಗಂಟೆ ಇಷ್ಟು ನಿಮಿಷ ಎಂದು ಬರೆದಿಡುವ ಮನುಷ್ಯ. ತಮ್ಮ ಮದುವೆಯ ಮುಹೂರ್ತ ಏಳು ನಿಮಿಷ ತಡವಾದದ್ದಕ್ಕೆ ಮಾವನ ಮೇಲೆ ಈಗಲೂ ಸಿಟ್ಟಿಟ್ಟುಕೊಂಡಿದ್ದರು.

“ಕೂತ್ಕೊಳ್ಳಿ ತಾಯಿ. ಏನಾಯ್ತು?”

“ನನ್ನ ಮಗಳು ಆಸ್ಪತ್ರೇಲಿದಾಳೆ. ಡ್ರೈನ್ ಕ್ಲೀನರ್ ಕುಡಿದುಬಿಟ್ಟಿದಾಳೆ. ನಿನ್ನೆ ಮಧ್ಯಾಹ್ನ.”

“ವಯಸ್ಸು?”

“ಮೂರೂವರೆ.”

ಗಡಿಯಾರದ ಪೆನ್ನು ಒಂದು ಕ್ಷಣ ನಿಂತು ಮತ್ತೆ ಓಡಿತು. “ದೂರು ಯಾರ ಮೇಲೆ?”

“ನಮ್ಮ ಅಕ್ಕನ ಮೇಲೆ.”

“ಒಡಹುಟ್ಟಿದವರಾ?”

“ಅಲ್ಲ. ಮನೆ ನೋಡ್ಕೊಳ್ಳೋರು. ನನ್ನನ್ನೂ ಅವರೇ ಎತ್ತಿ ಆಡಿಸಿದ್ದು. ಬಾತ್‌ರೂಮ್ ತೊಳೆದು, ಬಾಟಲಿಗೆ ಸರಿಯಾಗಿ ಮುಚ್ಚಳ ಹಾಕದೆ, ಬಾಗಿಲ ಹತ್ತಿರಾನೇ ಬಿಟ್ಟು ಮಾಳಿಗೆಗೆ ಹೋಗಿದಾರೆ. ಅಪ್ಪ ಕಣ್ಣಾರೆ ನೋಡಿದಾರೆ.” ಅವಳು ಕೈಯಲ್ಲಿದ್ದ ಕಾಗದ ಮುಂದಿಟ್ಟಳು. “ಇದನ್ನೂ ಅಪ್ಪಾನೇ ಹೇಳಿ ಬರೆಸಿದ್ದು. ನನಗೆ ಕೈ ಓಡ್ತಿರಲಿಲ್ಲ.”

ಒಳಕೋಣೆಯಿಂದ ಇನ್‌ಸ್ಪೆಕ್ಟರು ಬಂದರು. “ನಿಮ್ಮ ತಂದೆ ಏನು ಮಾಡ್ತಾರೆ?”

“ಡಾಕ್ಟರು. ಈಗ ನಿವೃತ್ತಿ. ಊರಲ್ಲಿ ಮುಚ್ಚಳದ ಡಾಕ್ಟರು ಅಂತಾರೆ.”

ಇನ್‌ಸ್ಪೆಕ್ಟರ ಬಲಗೈ ತಾನಾಗಿಯೇ ಮೇಲೆದ್ದು ತಮ್ಮ ಮುಂದಿನ ಹಲ್ಲನ್ನು ಮುಟ್ಟಿಕೊಂಡಿತು.

ಆ ಹಲ್ಲಿನ ಚರಿತ್ರೆ ಗೊತ್ತಿಲ್ಲದ ಕಳ್ಳ ಈ ಠಾಣೆಯ ಸರಹದ್ದಿನಲ್ಲಿ ಒಬ್ಬನೂ ಇಲ್ಲ. ಇನ್‌ಸ್ಪೆಕ್ಟರು ನಾಲ್ಕು ವರ್ಷದ ಪೋರನಾಗಿದ್ದಾಗ ಅವರ ಶಿಶುವಿಹಾರಕ್ಕೆ ಒಬ್ಬ ಡಾಕ್ಟರು ಒಂದು ಬುಟ್ಟಿ ಬಾಟಲಿ ಹೊತ್ತು ಬಂದಿದ್ದರು. ಮಕ್ಕಳನ್ನು ಜೋಡಿ ಜೋಡಿಯಾಗಿ ಕೂರಿಸಿ, ಒಬ್ಬೊಬ್ಬರ ಕೈಗೂ ಒಂದು ಖಾಲಿ ಬಾಟಲಿ ಕೊಟ್ಟು, ಐದು ನಿಮಿಷದಲ್ಲಿ ಮುಚ್ಚಳ ತೆಗೆಯಿರಿ ಎಂದರು. ಯಾರಿಗೂ ಆಗಲಿಲ್ಲ. ಒತ್ತಿ ತಿರುಗಿಸುವುದು ಹೇಗೆಂದು ಮಾತಿಲ್ಲದೆ ಒಮ್ಮೆ ತೋರಿಸಿ, ಇನ್ನೂ ಐದು ನಿಮಿಷ ಕೊಟ್ಟು, “ಬೇಕಾದ್ರೆ ಹಲ್ಲೂ ಬಳಸಬಹುದು” ಎಂದರು. ಆ ಮಾತಿಗೇ ಕಾದಿದ್ದವರಂತೆ ನಮ್ಮ ಇನ್‌ಸ್ಪೆಕ್ಟರು ಕಚ್ಚಿದರು. ಮುಚ್ಚಳ ಕಿತ್ತು ಬಂದ ಸದ್ದಿಗೆ ಮೂರು ಬೀದಿಯಾಚೆ ಮಲಗಿದ್ದ ನಾಯಿ ಎದ್ದು ಬೊಗಳಿತಂತೆ. ಹಾಲುಹಲ್ಲು ಮುಚ್ಚಳದಲ್ಲೇ ಉಳಿಯಿತು. ಆ ಹಲ್ಲಿನ ಗುರುತು ನೋಡಿಯೇ ಡಾಕ್ಟರು ಮುಚ್ಚಳದ ಅಂಚನ್ನು ಬದಲಿಸಿದರು, ಹಾಗಾಗಿ ದೇಶದ ಮಕ್ಕಳ ಪ್ರಾಣ ಉಳಿಸಿದ್ದರಲ್ಲಿ ಅರ್ಧ ಪಾಲು ತಮ್ಮ ದವಡೆಯದು ಎಂಬುದು ಇನ್‌ಸ್ಪೆಕ್ಟರ ಲೆಕ್ಕ. ಈ ಕತೆಯನ್ನು ಅವರು ಲಾಕಪ್ಪಿನಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ಎರಡನೇ ಸಲ ಕೇಳಬೇಕಾದೀತೆಂಬ ಭಯಕ್ಕೆ ಎಷ್ಟೋ ಕಳ್ಳರು ಬೆಳಗಾಗುವುದರೊಳಗೆ ತಪ್ಪೊಪ್ಪಿಕೊಂಡಿದ್ದುಂಟು.

ಆ ಡಾಕ್ಟರ ಮೊಮ್ಮಗಳು ಈಗ ಗಂಟಲು ಸುಟ್ಟುಕೊಂಡು ಮಲಗಿದ್ದಳು. ಇನ್‌ಸ್ಪೆಕ್ಟರು ಕತೆ ಹೇಳಲಿಲ್ಲ. ಎಫ್‌ಐಆರ್ ದಾಖಲಾಯಿತು: ನಿರ್ಲಕ್ಷ್ಯದಿಂದ ಮಗುವಿನ ಜೀವಕ್ಕೆ ಅಪಾಯ ತಂದದ್ದು. ಮಗು ಉಳಿಯದಿದ್ದರೆ ಕಲಮು ಬದಲಾಗುತ್ತದೆ, ಅಕ್ಕ ವರ್ಷಗಟ್ಟಲೆ ಜೈಲಿನಲ್ಲಿರುತ್ತಾಳೆ.

ಮಹಿಳಾ ಕಾನ್‌ಸ್ಟೇಬಲ್ ಅಕ್ಕನನ್ನು ಕರೆತರಲು ಆಸ್ಪತ್ರೆಗೇ ಹೋಗಬೇಕಾಯಿತು. ವಾರ್ಡಿನೊಳಗೆ ಕಾಲಿಡಬೇಡ ಎಂದು ಮಗುವಿನ ತಾಯಿ ಹೇಳಿದ್ದರಿಂದ ಆಕೆ ಹಿಂದಿನ ದಿನದಿಂದ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಮಗುವಿನ ಚಪ್ಪಲಿ ಇದ್ದವು.

ಸ್ಥಳ ಪಂಚನಾಮೆಗೆ ಇನ್‌ಸ್ಪೆಕ್ಟರು ಮಧ್ಯಾಹ್ನ ಒಂದಕ್ಕೆ ಡಾಕ್ಟರ ಮನೆ ತಲುಪಿದರು. ಪಂಚರಾಗಿ ಎದುರುಬೀದಿಯ ದರ್ಜಿ ಮತ್ತು ಪಕ್ಕದ ವಾಚ್ ರಿಪೇರಿಯವನು ಬಂದರು. ಎಪ್ಪತ್ತಾರರ ಡಾಕ್ಟರು ನೆಟ್ಟಗೆ ನಿಂತಿದ್ದರು, ಎರಡೂ ಕೈ ಕೋಟಿನ ಜೇಬಿನಲ್ಲಿ. ಅವರ ಬೆನ್ನು ಎಷ್ಟು ನೆಟ್ಟಗಿತ್ತೆಂದರೆ ದರ್ಜಿ ನೋಡಿದ ಕೂಡಲೇ ತನ್ನ ಬೆನ್ನನ್ನೂ ಸರಿಮಾಡಿಕೊಂಡ.

“ಬಾಟಲಿ ಎಲ್ಲಿ ಡಾಕ್ಟ್ರೇ?”

ಡಾಕ್ಟರು ಗಲ್ಲದಿಂದ ಅಡುಗೆಮನೆಯ ಮೇಜು ತೋರಿಸಿದರು. “ಮಗು ಕೂಗಿದ್ದು ಕೇಳಿ ಓಡಿ ಬಂದೆ. ಬಾಯಿ ತೊಳೆಸಿದೆ. ವಾಂತಿ ಮಾಡಿಸಬಾರದು, ಹೋದ ದಾರೀಲೆಲ್ಲ ವಾಪಸ್ ಬರ್ತಾ ಮತ್ತೆ ಸುಡುತ್ತೆ. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಆಮೇಲೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟೆ.”

“ಬಾಟಲಿ ದಿನಾ ಇರೋ ಜಾಗ?”

“ಸಿಂಕಿನ ಕೆಳಗಿನ ಕಪಾಟು.”

ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. ಕಪಾಟಿಗೆ ಬೀಗವಿರಲಿಲ್ಲ. ಬಾಗಿಲಿನ ಹಿಡಿ ಮೂರೂವರೆ ವರ್ಷದ ಮಗುವಿನ ಎದೆಮಟ್ಟದಲ್ಲಿತ್ತು. “ಇಷ್ಟು ಕೆಳಗಾ?”

“ನಮ್ಮನೇಲಿ ಮೊದಲಿಂದಾನೂ ಹಾಗೇ. ಮುಚ್ಚಳ ಇದೆಯಲ್ಲ.”

ಇನ್‌ಸ್ಪೆಕ್ಟರು ಕೈಗವಸು ಹಾಕಿ ಮುಚ್ಚಳ ಒತ್ತಿ ತಿರುಗಿಸಿದರು. ಸಲೀಸಾಗಿ ಬಂತು. ಒತ್ತದೆ ತಿರುಗಿಸಿದರೆ ಕಟಕಟ ಎಂದು ಸುಮ್ಮನೆ ಸುತ್ತಿತು. ಮುಚ್ಚಳದ ಬೀಗ ಗಟ್ಟಿಮುಟ್ಟಾಗಿತ್ತು. ಆದರೆ ಬಾಟಲಿಯ ಕತ್ತಿನ ಸುತ್ತುಗಳಲ್ಲಿ ಒಣಗಿದ ಬಿಳಿ ಹಕ್ಕಳೆ ದಪ್ಪಗೆ ಕೂತಿತ್ತು, ಮುಚ್ಚಳದ ಒಳಮೈ ಮಾತ್ರ ಆಗತಾನೆ ತೊಳೆದ ತಟ್ಟೆಯಂತೆ ಹೊಳೆಯುತ್ತಿತ್ತು. ಗಡಿಯಾರ ಅದನ್ನು ಬರೆದುಕೊಂಡರು. ಮೊಹರು ಮಾಡಲು ಬಾಟಲಿ ಎತ್ತಿದವರು ಬೆರಳು ಬಿಡಿಸಿಕೊಳ್ಳಲು ಒದ್ದಾಡಿದರು.

“ಮುಚ್ಚಳದ ತಲೆ ಅಂಟ್ತಿದೆ ಸಾರ್.”

“ಮಗು ಇರೋ ಮನೆ,” ಎಂದರು ಡಾಕ್ಟರು. “ಏನೋ ಮೆತ್ತಿರುತ್ತೆ.”

ಹೊರಡುವಾಗ ಇನ್‌ಸ್ಪೆಕ್ಟರ ಕಾಲುಗಳು ಹಜಾರದಲ್ಲಿ ತಾವಾಗಿಯೇ ನಿಂತವು. ಗೋಡೆಯುದ್ದಕ್ಕೂ ಗಾಜಿನ ಕಪಾಟು. ಒಳಗೆ ನೀಲಿ ಮಖಮಲ್ಲಿನ ಮೇಲೆ ಬಾಟಲಿ, ಚೀಟಿ, ಮುಚ್ಚಳಗಳು ಸಾಲಾಗಿ ಅಂಟಿಕೊಂಡಿದ್ದವು. ಒಬ್ಬ ಮನುಷ್ಯನ ಆಯುಸ್ಸೇ ಅಲ್ಲಿ ಅಂಟಿಕೊಂಡಿತ್ತು.

“ಇದೇನು ಡಾಕ್ಟ್ರೇ, ಮುಳ್ಳುಮುಳ್ಳು ಬಾಟಲಿ?”

ಕೇಳಿದ್ದೇ ತಡ, ಡಾಕ್ಟರ ವಯಸ್ಸು ಇಪ್ಪತ್ತು ವರ್ಷ ಇಳಿಯಿತು. “ಅದು ನಮ್ಮ ಮೇಷ್ಟ್ರುಗಳ ಕಾಲದ್ದು. ಕತ್ತಲಲ್ಲಿ ಕೈ ಹಾಕಿದ್ರೂ ವಿಷ ಅಂತ ಬೆರಳಿಗೆ ಗೊತ್ತಾಗ್ಲಿ ಅಂತ ಗಾಜಿಗೆ ಮುಳ್ಳು. ದೊಡ್ಡೋರಿಗೇನೋ ಗೊತ್ತಾಯ್ತು. ಮಕ್ಕಳಿಗೆ ಅದೇ ಚೆಂದ ಕಂಡ್ತು. ಆಮೇಲೆ ತಲೆಬುರುಡೆ ಚೀಟಿ ಅಂಟಿಸಿದ್ರು. ನಾನು ಮಕ್ಕಳ ಮುಂದೆ ಹತ್ತು ಬಾಟಲಿ ಇಟ್ಟು ಯಾವುದು ಬೇಕು ಅಂದೆ. ಎಲ್ಲಾ ಬುರುಡೆದಕ್ಕೇ ಮುಗಿಬಿದ್ವು. ಕಡಲುಗಳ್ಳರ ಬಾಟಲಿ ಅಂತೆ.”

ದರ್ಜಿ ನಕ್ಕ. ಡಾಕ್ಟರು ನಗಲಿಲ್ಲ.

“ನನ್ನ ವಾರ್ಡಿಗೆ ವಾರಕ್ಕೊಂದಾದ್ರೂ ಮಗು ಬರೋದು. ಜನ ಕ್ಷಾರಾನ ತಂಪುಪಾನೀಯದ ಬಾಟಲೀಲಿ ಸುರಿದು ಇಡೋರು. ಕುಡಿದದ್ದು ಏನು ಅಂತ ತಾಯಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅದಕ್ಕೆ ಒಂದು ಕೋಣೆ, ಒಂದು ಫೋನು, ಒಬ್ಬ ನರ್ಸು, ಯಾವ ಡಬ್ಬೀಲಿ ಏನಿದೆ ಅಂತ ಬರೆದ ರಟ್ಟುಗಳು. ಅಷ್ಟರಿಂದ ವಿಷ ಮಾಹಿತಿ ಕೇಂದ್ರ ಶುರುಮಾಡಿದ್ವಿ. ಔಷಧಿಗೆ, ಸೀಮೆಎಣ್ಣೆಗೆ ಕಹಿ ಬೆರೆಸಿ ನೋಡಿದ್ವಿ. ಮೊದಲನೇ ಗುಟುಕು ಒಳಗೆ ಹೋದ್ಮೇಲೆ ತಾನೇ ಕಹಿ ಗೊತ್ತಾಗೋದು? ಆಗ ಬಂತು ಮುಚ್ಚಳ.”

ಇನ್‌ಸ್ಪೆಕ್ಟರು ಮೂರನೇ ಸಾಲಿನತ್ತ ಬಗ್ಗಿದರು. ಹಳದಿ ಮುಚ್ಚಳವೊಂದರ ಅಂಚಿನಲ್ಲಿ ಒಂದು ಪುಟ್ಟ ಹಲ್ಲಿನ ಕಚ್ಚು ಇತ್ತು. ಕಳ್ಳರನ್ನು ನಡುಗಿಸುವ ಆ ಮನುಷ್ಯನ ಕಣ್ಣು ತುಂಬಿತು.

“ಇದು ನಾನು ಡಾಕ್ಟ್ರೇ.”

“ನೀನಾ ಅದು? ಆ ಕಚ್ಚೋ ಹುಡುಗ?” ಡಾಕ್ಟರು ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದರು. “ನಿನಗೋಸ್ಕರ ಇಡೀ ಅಚ್ಚೇ ಬದಲಾಯಿಸಬೇಕಾಯ್ತಲ್ಲಯ್ಯಾ.”

ಆ ಹೊಗಳಿಕೆಗೆ ಇನ್‌ಸ್ಪೆಕ್ಟರ ಅಂಗಿಯ ಗುಂಡಿಗಳು ಕಿತ್ತುಹೋಗದೆ ಉಳಿದದ್ದೇ ದೊಡ್ಡದು. ಆದರೂ ಕಣ್ಣು ಕೊನೆಯ ಸಾಲಿಗೆ ಹೋಯಿತು. ಅಲ್ಲಿ ಕೊನೆಯ ಮುಚ್ಚಳವಿರಬೇಕಾದ ಕಡೆ ಮಖಮಲ್ಲು ದುಂಡಗೆ ಕಿತ್ತುಬಂದಿತ್ತು.

“ಇಲ್ಲಿದ್ದದ್ದು?”

“ಸರ್ಕಾರದ ಸಮಿತಿಗೆ ಕಳಿಸಿದೀನಿ. ಬರೋ ಸೋಮವಾರ ಸಭೆ ಇದೆ. ಮನೆಗೆ ಬರೋ ಪ್ರತಿ ರಾಸಾಯನಿಕಕ್ಕೂ ಈ ಮುಚ್ಚಳ ಕಡ್ಡಾಯ ಮಾಡಿ ಅಂತ ಕೇಳ್ತಾ ಬಂದಿದೀನಿ. ಈ ಸಲ ಆಗುತ್ತೆ.” ಕೈ ಇನ್ನೂ ಜೇಬಿನಲ್ಲೇ ಇತ್ತು. “ಆ ಹೆಂಗಸಿನ ಅಜಾಗ್ರತೆ ಸಭೆಗೆ ಅಡ್ಡ ಬರದಿದ್ರೆ ಸಾಕು.”

ಆ ಹೆಂಗಸು. ಮೂವತ್ತು ವರ್ಷ ಅಕ್ಕನಾಗಿದ್ದವಳು ಒಂದೇ ದಿನದಲ್ಲಿ ಆ ಹೆಂಗಸಾಗಿದ್ದಳು.

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ಅಕ್ಕನ ವಿಚಾರಣೆ. ಆಕೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಚಪ್ಪಲಿ ಇನ್ನೂ ಮಡಿಲಲ್ಲೇ.

“ನಿನ್ನೆ ಬಾತ್‌ರೂಮ್ ತೊಳೆದ್ರಾ?”

“ತೊಳೆದೆ.”

“ಯಾವುದ್ರಲ್ಲಿ?”

“ಸೋಪಿನ ಪುಡಿ, ಬ್ರಷ್ಷು. ಆ ಬಾಟಲಿ ನಾನು ಮುಟ್ಟೇ ಇಲ್ಲ ಸಾರ್. ಮಗು ಬಂದಾಗಿಂದ ಅದರ ಸಹವಾಸ ಬಿಟ್ಟಿದೀನಿ.”

“ಮತ್ತೆ ಮುಟ್ಟೋರು ಯಾರು?”

“ಅಣ್ಣ. ಅವರ ಕೋಣೆ ಬೇಸಿನ್ ಆಗಾಗ ಕಟ್ಕೊಳುತ್ತೆ. ಅವರೇ ಸುರೀತಾರೆ. ನಾನು ಹೋದ್ರೆ ಬೇಡ ಅಂತಾರೆ.” ಇನ್‌ಸ್ಪೆಕ್ಟರ ಹುಬ್ಬು ಏರಿದ್ದು ನೋಡಿ ಸೇರಿಸಿದಳು: “ಡಾಕ್ಟ್ರನ್ನ ನಾನು ಅಣ್ಣ ಅನ್ನೋದು. ಸೇರಿದ ದಿನ ಅವರೇ ಹೇಳಿದ್ದು, ಯಜಮಾನ್ರೇ ಅನ್ಬೇಡ, ಅಣ್ಣ ಅನ್ನು ಅಂತ.”

“ಆ ಅಣ್ಣಾನೇ ನಿಮ್ಮ ಮೇಲೆ ಹೇಳಿದಾರಲ್ಲ.”

“ಅವರಿಗೆ ಕಣ್ಣು ತಪ್ಪಿರುತ್ತೆ ಸಾರ್. ಗಾಬರೀಲಿ ಹಾಗಾಗುತ್ತೆ. ಸುಳ್ಳು ಹೇಳೋ ಜೀವ ಅಲ್ಲ ಅದು. ನೀವು ಇನ್ನೊಂದ್ಸಲ ಕೇಳಿ, ಹೇಳ್ತಾರೆ.”

ಇನ್‌ಸ್ಪೆಕ್ಟರು ಅಂಗಡಿಯಿಂದ ತರಿಸಿದ್ದ ಹೊಸ ಮಾತ್ರೆಡಬ್ಬಿಯೊಂದನ್ನು ಮುಂದಿಟ್ಟರು. “ಇದನ್ನ ತೆಗೀರಿ.”

ಅಕ್ಕ ಅಂಗೈಯಿಂದ ಒತ್ತಿ ತಿರುಗಿಸಿದಳು. ಕಣ್ಣು ಮಿಟುಕಿಸುವುದರಲ್ಲಿ ಮುಚ್ಚಳ ಬಂತು.

“ಡಾಕ್ಟರ ಮಾತ್ರೆ ಡಬ್ಬಿ ಹೀಗೇ ತೆಗೆದುಕೊಡ್ತೀರಾ?”

“ಇಲ್ಲ ಸಾರ್. ಅದನ್ನ ಮುಟ್ಟೋಕೆ ಬಿಡಲ್ಲ. ಎರಡು ವರ್ಷ ಆಯ್ತು, ಕೋಣೆ ಕಪಾಟಿಗೆ ಬೀಗ.”

ಗಡಿಯಾರ ಬರೆಯುತ್ತಾ ತಲೆಯೆತ್ತದೆ ಕೇಳಿದರು: “ಮಾತ್ರೆಗೆ ಬೀಗ, ಡ್ರೈನ್ ಕ್ಲೀನರ್‌ಗೆ ಇಲ್ಲ. ಇದ್ಯಾವ ಸೀಮೆ ಲೆಕ್ಕ?”

ಉತ್ತರ ಇನ್‌ಸ್ಪೆಕ್ಟರ ಬಳಿ ಇತ್ತು. ಅದು ಅವರಿಗೆ ಬೇಡವಾಗಿತ್ತು.

ಬುಧವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು. ಮಗು ಕಣ್ಣು ಬಿಟ್ಟಿದೆ, ಜೀವಕ್ಕೆ ಅಪಾಯ ದಾಟಿದೆ, ಮೂಗಿನಲ್ಲಿ ನಳಿಕೆ ಇದೆ, ಮಾತಾಡುವಂತಿಲ್ಲ. ಮಹಿಳಾ ಕಾನ್‌ಸ್ಟೇಬಲ್ ಎರಡು ಖಾಲಿ ಬಾಟಲಿ ತೊಳೆದು ಚೀಲಕ್ಕೆ ಹಾಕಿಕೊಂಡು ಇನ್‌ಸ್ಪೆಕ್ಟರ ಜೊತೆ ಹೊರಟಳು. ಎರಡು ಮಕ್ಕಳ ತಾಯಿ ಅವಳು. ಅವಳ ಮಕ್ಕಳ ತಂಟೆಯ ಮುಂದೆ ಈ ಊರಿನ ರೌಡಿಗಳು ಅಂಬೆಗಾಲಿನವರು ಎಂದು ಅವಳೇ ಹೇಳುತ್ತಿದ್ದಳು.

ಹಾಸಿಗೆಯ ಪಕ್ಕ ತಾಯಿ ಕೂತಿದ್ದಳು. ಮೊದಲು ಮಾತಾಡಿದ್ದು ಅವಳೇ.

“ಬಾಟಲಿ ಯಾಕೆ ತಂದ್ರಿ? ಮತ್ತೆ ಅದನ್ನ ತೋರಿಸ್ಬೇಡಿ.”

“ಖಾಲಿ ಬಾಟಲಿ ಕಣಮ್ಮ,” ಎಂದಳು ಮಹಿಳಾ ಕಾನ್‌ಸ್ಟೇಬಲ್. “ ಒಂದೇ ಒಂದು ಕೇಳ್ತೀನಿ. ಮಗು ಬಾಟಲೀನ ಆಟಕ್ಕೆ ತಗೊಳ್ತಿತ್ತಾ?”

ತಾಯಿಯ ಮುಖ ಕೆಂಪಾಯಿತು. “ತಾತನ ಆಟ ಅಂತ ಒಂದಿದೆ. ಅಂಥದೇ ಬಾಟಲಿಗೆ ನೀರು ತುಂಬಿಸಿ ಇಟ್ಟಿದೀವಿ. ಮನೆಗೆ ಯಾರಾದ್ರೂ ಬಂದ್ರೆ ಇವಳ ಕೈಗೆ ಕೊಡೋದು. ಇವಳು ಕಟಕಟ ಅಂತ ತಿರುಗಿಸ್ತಾಳೆ, ಬರಲ್ಲ. ಬಂದೋರೆಲ್ಲ ಚಪ್ಪಾಳೆ ತಟ್ತಾರೆ. ನಾನು ಚಿಕ್ಕೋಳಿದ್ದಾಗ ನನ್ನ ಕೈಲೂ ಆಡಿಸ್ತಿದ್ರು. ಅಪ್ಪ ಮಾಡಿಸಿದ ಮೊದಲನೇ ಮುಚ್ಚಳ ಕೊಟ್ಟಿದ್ದೇ ನನ್ನ ಕೈಗೆ.”

ಮಹಿಳಾ ಕಾನ್‌ಸ್ಟೇಬಲ್ ಮೊದಲ ಬಾಟಲಿಯನ್ನು ಮಗುವಿನ ಕೈಗಿಟ್ಟಳು. “ಪುಟ್ಟಿ, ಅವತ್ತು ಇದೇ ಥರ ಇತ್ತಾ?”

ಮಗು ತಿರುಗಿಸಿತು. ಕಟಕಟ. ಮಗು ತಲೆಯನ್ನು ಆ ಕಡೆ ಈ ಕಡೆ ಆಡಿಸಿತು, ಬಾಟಲಿಯನ್ನು ಹಿಂದಕ್ಕೆ ಕೊಟ್ಟಿತು.

ಎರಡನೆಯದಕ್ಕೆ ಸಾದಾ ಮುಚ್ಚಳ. ಮಗು ತಿರುಗಿಸಿತು. ಸದ್ದಿಲ್ಲದೆ ಮುಚ್ಚಳ ಕೈಗೆ ಬಂತು. ಮಗು ಮುಚ್ಚಳವನ್ನು ಎತ್ತಿ ಹಿಡಿದು, ನಳಿಕೆ ಅಂಟಿಸಿದ ಮುಖದಲ್ಲೇ ಹಿಗ್ಗಿ, ಒಬ್ಬೊಬ್ಬರನ್ನೇ ನೋಡಿತು. ಚಪ್ಪಾಳೆಗೆ ಕಾಯುತ್ತಿತ್ತು.

ಯಾರ ಕೈಗಳೂ ಮೇಲೇಳಲಿಲ್ಲ.

“ಮುಚ್ಚಳ ಹಾಕಿತ್ತು,” ಎಂದಳು ತಾಯಿ ನಿಧಾನವಾಗಿ. “ಇವಳೇ ತಿರುಗಿಸಿ ತೆಗೆದಿದಾಳೆ. ಆದ್ರೆ ಅಪ್ಪ ಮುಚ್ಚಳ ಬಿಚ್ಚಿತ್ತು ಅಂದ್ರಲ್ಲ?” ಅವಳು ಸಾದಾ ಮುಚ್ಚಳವನ್ನು ಕೈಗೆ ತೆಗೆದುಕೊಂಡಳು. “ಕಟಕಟ ಅನ್ನದೇ ಇರೋ ಮುಚ್ಚಳ ನಮ್ಮನೇಲಿ ಇಲ್ವೇ ಇಲ್ಲ.”

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬೇರೆಯವರ ದೃಷ್ಟಿ ಸರಿಮಾಡುವ ಹೆಂಗಸು ಅವಳು. ಈಗ ಎದ್ದು ನಿಂತು ಸೆರಗು ಬಿಗಿದುಕೊಂಡಳು. “ನಾನೂ ಮನೆಗೆ ಬರ್ತೀನಿ,” ಎಂದಳು. ಮಗುವಿನ ಪಕ್ಕದಲ್ಲಿ ಮಹಿಳಾ ಕಾನ್‌ಸ್ಟೇಬಲ್ ಕೂತಳು.

ಮಧ್ಯಾಹ್ನ ಹನ್ನೆರಡಕ್ಕೆ ಅದೇ ಪಂಚರ ಎದುರು ಶೋಧನೆ ಶುರುವಾಯಿತು. ಕೋಣೆಯ ಕಪಾಟಿನ ಬೀಗದ ಕೈ ಕೊಡಲು ಡಾಕ್ಟರು ತಕರಾರು ಮಾಡಲಿಲ್ಲ. ಜೇಬಿನಿಂದ ಕೈ ಹೊರಬಂದದ್ದು ಆಗ. ಬೆರಳಿನ ಗೆಣ್ಣುಗಳು ಊದಿ, ಒಂದೊಂದು ಬೆರಳೂ ಒಂದೊಂದು ದಿಕ್ಕು ಹಿಡಿದಿತ್ತು.

ಒಳಗೆ ಆರು ಮಾತ್ರೆಡಬ್ಬಿ. ವಾಚ್ ರಿಪೇರಿಯವನು ಕಣ್ಣಿಗೆ ತನ್ನ ಮಸೂರ ಸಿಕ್ಕಿಸಿಕೊಂಡು ಮೊದಲನೆಯದನ್ನು ನೋಡಿದ. “ಒಳಮುಚ್ಚಳಕ್ಕೂ ಹೊರಮುಚ್ಚಳಕ್ಕೂ ಸೇರಿಸಿ ಒಂದು ಸಣ್ಣ ಮೊಳೆ ಇಳಿಸಿದಾರೆ ಸಾರ್. ಎರಡೂ ಒಂದಾಗಿಬಿಟ್ಟಿವೆ. ಒತ್ತೋದೇ ಬೇಕಿಲ್ಲ.” ಆರಕ್ಕೂ ಹಾಗೇ.

“ಬಾಟಲಿಯ ಹಳೇ ಮುಚ್ಚಳ ಎಲ್ಲಿ ಡಾಕ್ಟ್ರೇ?”

ಡಾಕ್ಟರು ಕೈಗಳನ್ನು ಮತ್ತೆ ಜೇಬಿಗೆ ಸೇರಿಸಿದರು.

ಬೇರೆ ಯಾವ ಮನುಷ್ಯನೇ ಆಗಿದ್ದರೂ ಅದನ್ನು ಕಸದ ಗಾಡಿಗೆ ಎಸೆದು ಕೈ ತೊಳೆದುಕೊಂಡಿರುತ್ತಿದ್ದ, ಪ್ರಪಂಚದ ಪೊಲೀಸರೆಲ್ಲ ಒಟ್ಟಾಗಿ ಹುಡುಕಿದರೂ ಸಿಗುತ್ತಿರಲಿಲ್ಲ. ಈ ಮನುಷ್ಯ ಜೀವಮಾನದಲ್ಲಿ ಒಂದು ಮುಚ್ಚಳವನ್ನೂ ಎಸೆದವರಲ್ಲ. ಇನ್‌ಸ್ಪೆಕ್ಟರು ನೇರ ಹಜಾರಕ್ಕೆ ಹೋಗಿ ಗಾಜಿನ ಕಪಾಟಿನ ಕೆಳಗಿನ ಡ್ರಾಯರ್ ಎಳೆದರು. ಪರೀಕ್ಷೆಯಲ್ಲಿ ಸೋತ ಮುಚ್ಚಳಗಳೆಲ್ಲ ಅಲ್ಲಿದ್ದವು: ಮಕ್ಕಳು ತೆಗೆದದ್ದು, ಒಡೆದದ್ದು, ಜಗಿದದ್ದು. ಸಾಲಿನ ಕೊನೆಯಲ್ಲಿ, ಬಿಳಿ ಹಕ್ಕಳೆ ಮೆತ್ತಿದ, ತಲೆಗೆ ಮೊಳೆ ಬಡಿದ ಮುಚ್ಚಳ. ಸೋತವುಗಳ ಜಾಗದಲ್ಲೇ ಇಟ್ಟಿದ್ದರು. ಅಭ್ಯಾಸ.

ಠಾಣೆಯಿಂದ ತಂದಿದ್ದ ಬಾಟಲಿಯ ಮೊಹರು ಒಡೆದು ನೋಡಿದಾಗ, ಅದರ ಮುಚ್ಚಳದ ತಲೆಯ ಅಂಟಿನಲ್ಲಿ ನೀಲಿ ಮಖಮಲ್ಲಿನ ಎಳೆ ಸಿಕ್ಕಿತು. ಕಿತ್ತುಹೋದ ದುಂಡು ಜಾಗಕ್ಕೆ ಆ ಮುಚ್ಚಳ ಸರಿಯಾಗಿ ಕೂತಿತು.

“ಮುದುಕರ ಮನೇಲಿ ಮೊಳೆ ಇರಬಾರದು ಅಂತ ಕಾನೂನಿದೆಯಾ?” ಎಂದರು ಡಾಕ್ಟರು. “ನಾನು ತೆಗೆಯೋಕಾಗದೆ ಹೊಡೆದೆ ಅಂತ ಯಾರು ಹೇಳಿದ್ರು?”

ಇನ್‌ಸ್ಪೆಕ್ಟರು ಊಟದ ಮೇಜಿನ ಮುಂದೆ ಕುರ್ಚಿ ಎಳೆದರು. ಗಟ್ಟಿ ಬೀಗದ ಹೊಸ ಮಾತ್ರೆಡಬ್ಬಿಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ತಮ್ಮ ಕೈಗಡಿಯಾರ ಬಿಚ್ಚಿಟ್ಟರು.

“ಐದು ನಿಮಿಷ ಡಾಕ್ಟ್ರೇ,” ಎಂದರು. “ಬೇಕಾದ್ರೆ ಹಲ್ಲೂ ಬಳಸಬಹುದು.”

ಡಾಕ್ಟರು ಅವರನ್ನು ಒಂದು ಸಲ ನೋಡಿ, ಕೂತರು. ಡಬ್ಬಿ ಹಿಡಿದರು. ಒತ್ತಿದರೆ ತಿರುಗುತ್ತಿರಲಿಲ್ಲ, ತಿರುಗಿಸಿದರೆ ಒತ್ತಲಾಗುತ್ತಿರಲಿಲ್ಲ. ಕಟಕಟ. ಮೇಜಿನ ಅಂಚಿಗೆ ಆನಿಸಿದರು. ಕಟಕಟ. ಕೋಟಿನ ತುದಿಯಿಂದ ಹಿಡಿದರು. ಡಬ್ಬಿ ಜಾರಿ ಉರುಳಿತು, ದರ್ಜಿ ಎತ್ತಿಕೊಟ್ಟ. ಕಟಕಟ. ಮೂರನೇ ನಿಮಿಷಕ್ಕೆ ದರ್ಜಿ ಗೋಡೆಯ ಕಡೆ ತಿರುಗಿ ನಿಂತ. ಬಾಗಿಲಲ್ಲಿ ನಿಂತಿದ್ದ ಮಗಳು ತಿರುಗಲಿಲ್ಲ.

ಐದು ನಿಮಿಷ ಆಗಲು ಬಿಡದೆ ಡಾಕ್ಟರೇ ಡಬ್ಬಿಯನ್ನು ಕೆಳಗಿಟ್ಟರು.

“ಒಂದು ಸಭೇಲಿ ಒಬ್ಬ ಅಜ್ಜಿ ಎದ್ದು ನಿಂತ್ಲು. ನಿಮ್ಮ ಮುಚ್ಚಳ ನನ್ನ ಕೈಲಿ ಬರಲ್ಲ ಡಾಕ್ಟ್ರೇ ಅಂದ್ಲು. ಹಾಗಾದ್ರೆ ನೀವಿನ್ನೂ ಮಗು ಅಜ್ಜಿ ಅಂದೆ. ಸಭೆಯೆಲ್ಲ ನಕ್ತು. ಆ ವರ್ಷಾನೇ ನನ್ನ ಬೆರಳು ಊದೋಕೆ ಶುರುವಾಯ್ತು.”

“ಮನೇಲಿ ಯಾರನ್ನಾದ್ರೂ ಕೇಳಬಹುದಿತ್ತಲ್ಲ?”

“ಏನಂತ ಕೇಳ್ಲಿ? ಕಂಪನಿಯವರು ವರ್ಷಗಟ್ಟಲೆ ಅದೇ ಹೇಳ್ತಾ ಬಂದಿದಾರೆ, ಮುದುಕರ ಕೈಲಿ ತೆಗೆಯೋಕಾಗಲ್ಲ, ಈ ಮುಚ್ಚಳ ಬೇಡ ಅಂತ. ಆಗುತ್ತೆ ಅಂತ ಬರೆದುಕೊಟ್ಟೋನು ನಾನು. ಮೊದಲು ಮಾತ್ರೆ ಡಬ್ಬಿಗೆ ಹೊಡೆದೆ. ಹೋದ ತಿಂಗಳು ಇದಕ್ಕೂ.”

“ಅಕ್ಕನ ಮೇಲೆ ಯಾಕೆ ಹಾಕಿದ್ರಿ?”

“ಅವಳಿಗೆ ನಾನೇ ವಕೀಲರನ್ನ ಇಡ್ತಿದ್ದೆ. ಸೋಮವಾರ ಕಳೆಯೋವರೆಗೆ ಅಷ್ಟೇ. ಈ ಮೊಳೆ ಹೊರಗೆ ಬಂದ್ರೆ ಸಮಿತಿ ಎದ್ದು ಹೋಗುತ್ತೆ. ಮುಚ್ಚಳ ಹೋಗುತ್ತೆ. ಎಷ್ಟು ಸಾವಿರ ಮಕ್ಕಳು ನನ್ನ ವಾರ್ಡಿಗೆ ವಾಪಸ್ ಬರ್ತಾರೆ ಗೊತ್ತಾ ನಿಮಗೆ?”

“ಆ ಸಾವಿರದಲ್ಲಿ ನನ್ನ ಮಗಳು ಬರಲ್ವಾ ಅಪ್ಪ?”

ಡಾಕ್ಟರು ಆಗಲೇ ಮಗಳನ್ನು ನೋಡಿದ್ದು.

“ನಾನು ಬರ್ಕೊಳ್ತಾ ಕೂತಿದ್ದೆ,” ಎಂದಳು ಅವಳು. ದನಿ ಏರಿರಲಿಲ್ಲ. “ನೀವು ಹೇಳ್ತಾ ಹೋದ್ರಿ. ಅಕ್ಕನ ಹೆಸರು ಬರೆಯೋವಾಗ ನನ್ನ ಕೈ ನಿಂತ್ಹೋಯ್ತು. ಬರಿ ಮಗಳೇ ಅಂದ್ರಿ. ತಲೆ ಬೇರೆ ಸವರಿದ್ರಿ.”

“ಮಗು ಏನಂದ್ಲು ಗೊತ್ತಾ?” ಡಾಕ್ಟರು ಮಗಳಿಗಲ್ಲ, ಮೇಜಿಗೆ ಹೇಳಿದರು. “ಮುಚ್ಚಳ ಹಿಡ್ಕೊಂಡು ನನ್ನ ಕೋಣೆ ಬಾಗಿಲಿಗೆ ಬಂದ್ಲು. ತಾತಾ, ಬಂತು ಅಂದ್ಲು. ಆಮೇಲೆ ಕೂಗಿದ್ದು.”

ಹನ್ನೆರಡೂ ಐವತ್ತಕ್ಕೆ ಬಂಧನ. ನಿರ್ಲಕ್ಷ್ಯ, ಸಾಕ್ಷ್ಯ ಬದಲಿಸಿದ್ದು, ಸುಳ್ಳು ಮಾಹಿತಿ. ಬೇಡಿ ಹಾಕಲಿಲ್ಲ. ಆ ಮಣಿಕಟ್ಟಿಗೆ ಬೇಡಿ ಹಾಕುವ ಧೈರ್ಯ ನಮ್ಮ ಠಾಣೆಯಲ್ಲಿ ಯಾರಿಗೂ ಇರಲಿಲ್ಲ. ಜೀಪು ಹತ್ತುವಾಗ ಇನ್‌ಸ್ಪೆಕ್ಟರು ಅವರ ತೋಳು ಹಿಡಿದುಕೊಂಡರು, ಶಿಶುವಿಹಾರದ ಮೇಷ್ಟರ ತೋಳು ಹಿಡಿದಂತೆ.

ದೂರಿನಿಂದ ಅಕ್ಕನ ಹೆಸರು ಕೈಬಿಡಲು ಆಕೆಯ ಒಂದು ಸಹಿ ಬಾಕಿಯಿತ್ತು. ಸಂಜೆ ಆಕೆ ಠಾಣೆಗೆ ಬಂದಾಗ ಡಾಕ್ಟರು ಒಳಗಿನ ಬೆಂಚಿನ ಮೇಲಿದ್ದರು. ಮಾತ್ರೆಯ ಹೊತ್ತಾಗಿತ್ತು. ಮೊಳೆಯ ಡಬ್ಬಿಗಳೆಲ್ಲ ಮೊಹರಾಗಿ ಬೀರುವಿನಲ್ಲಿದ್ದುದರಿಂದ ಗಡಿಯಾರ ಔಷಧಿ ಅಂಗಡಿಯಿಂದ ಅದೇ ಮಾತ್ರೆಯ ಹೊಸ ಡಬ್ಬಿ ತರಿಸಿ ಕೊಟ್ಟಿದ್ದರು. ಒಳಗಿನಿಂದ ಕಟಕಟ ಎಂಬ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

ಅಕ್ಕ ಸಹಿ ಹಾಕಿ, ಪೆನ್ನು ಕೆಳಗಿಟ್ಟು, ಯಾರನ್ನೂ ಕೇಳದೆ ಒಳಗೆ ಹೋದಳು. ಯಾರೂ ತಡೆಯಲಿಲ್ಲ. ಡಾಕ್ಟರ ಕೈಯಿಂದ ಡಬ್ಬಿ ತೆಗೆದುಕೊಂಡು ಅಂಗೈಯಿಂದ ಒತ್ತಿ ತಿರುಗಿಸಿದಳು. ಒಂದು ಮಾತ್ರೆ ಅವರ ಅಂಗೈಗೆ ಹಾಕಿ, ಲೋಟದಲ್ಲಿ ನೀರು ಕೊಟ್ಟಳು. ನುಂಗುವವರೆಗೆ ನಿಂತಿದ್ದಳು. ಮುಚ್ಚಳ ಹಾಕಿ ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು.

“ಇಷ್ಟೇ ತಾನೇ,” ಎಂದಳು. “ಇಷ್ಟೇ ತಾನೇ ಇದ್ದಿದ್ದು, ಡಾಕ್ಟ್ರೇ.”

ಅಣ್ಣ ಎನ್ನಲಿಲ್ಲ. ಮಗುವಿನ ಚಪ್ಪಲಿ ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಯ ದಾರಿ ಹಿಡಿದಳು. ಅಲ್ಲಿ ವಾರ್ಡಿನ ಬಾಗಿಲು ತೆರೆದು ಡಾಕ್ಟರ ಮಗಳು ಕಾಯುತ್ತಿದ್ದಳು.

ಆರೋಪಪಟ್ಟಿಯಲ್ಲಿ ಕಾರಣ ಬರೆಯುವ ಜಾಗಕ್ಕೆ ಇನ್‌ಸ್ಪೆಕ್ಟರು ಬಂದರು. ದುಡ್ಡಲ್ಲ, ದ್ವೇಷವಲ್ಲ. ‘ಸ್ವಲ್ಪ ತೆಗೆದುಕೊಡಿ’ ಎಂದು ಇನ್ನೊಬ್ಬರನ್ನು ಕೇಳಲು ನಾಚಿಕೆ, ಎಂದು ಬರೆದರು. ಗಡಿಯಾರ ಓದಿ, ಕೋರ್ಟು ಇದನ್ನು ಒಪ್ಪುವುದಿಲ್ಲ ಎಂದರು. ಆದರೂ ಇನ್‌ಸ್ಪೆಕ್ಟರು ಅದನ್ನು ಹೊಡೆದುಹಾಕಲಿಲ್ಲ.

ಅಂದಿನಿಂದ ನಮ್ಮ ಠಾಣೆಯಲ್ಲಿ ಕಳ್ಳರು ತಪ್ಪೊಪ್ಪಿಕೊಳ್ಳಲು ಬಹಳ ತಡಮಾಡುತ್ತಾರೆ. ಹಲ್ಲಿನ ಕತೆಯನ್ನು ಇನ್‌ಸ್ಪೆಕ್ಟರು ಈಗ ಯಾರಿಗೂ ಹೇಳುವುದಿಲ್ಲ.